ಮಡಿವಾಳೆಪ್ಪನ ಗಿಟಾರೂ ಐವತ್ತು ಗ್ರಾಮಿನ ಕಲ್ಲೂ

ನಮ್ಮ ಮಾರುಕಟ್ಟೆಯ ತೂಕದಾರ ಮಡಿವಾಳೆಪ್ಪನ ಮೇಲೆ ಸರಕಾರಿ ಜೀಪು ಬಂದದ್ದು ಒಂದೇ ಸಲ, ಅದೂ ಒಂದು ಗಿಟಾರಿನ ಸಲುವಾಗಿ. ಬೈಲಹೊಂಗಲದಲ್ಲಿ ಯಾರ ಮುಂದೆ ಈ ಮಾತು ತೆಗೆದರೂ ಅವರು ಮೊದಲು ನಗುತ್ತಾರೆ, ಆಮೇಲೆ ಆ ದಿನ ತಾವೇ ಮುಂದಿನ ಸಾಲಿನಲ್ಲಿ ನಿಂತಿದ್ದೆವೆಂದು ಹೇಳುತ್ತಾರೆ. ಅಷ್ಟೊಂದು ಜನ ಮುಂದಿನ ಸಾಲಿನಲ್ಲಿ ನಿಲ್ಲಲು ನಮ್ಮ ಮಾರುಕಟ್ಟೆಯಲ್ಲಿ ಜಾಗವಿಲ್ಲ. ನಿಜವಾಗಿ ಮುಂದೆ ನಿಂತಿದ್ದವನು ನಾನು: ರೈತರ ಕಾಳು ಮಾರಿಸುವ ಅಡತಿ ಅಂಗಡಿಯ ಗುಮಾಸ್ತ, ಮಡಿವಾಳೆಪ್ಪನ ಪಕ್ಕದ ಮನೆಯವನು. ಪ್ರಕರಣ ಇಷ್ಟು ದೊಡ್ಡದಾಗಲು ನಾನೇ ಕಾರಣ ಎಂದು ಕೆಲವರು ಆಡಿಕೊಳ್ಳುವುದುಂಟು. ಅದು ಶುದ್ಧ ಸುಳ್ಳು. ನಾನು ಬಾಯಿ ಬಿಡಲೇ ಇಲ್ಲ. ತೊಂದರೆ ಆದದ್ದೇ ಅದರಿಂದ.

ಮೊದಲು ಮಡಿವಾಳೆಪ್ಪ ಎಂಥವನು ಎಂಬುದನ್ನು ಹೇಳಬೇಕು. ಇಪ್ಪತ್ತೆರಡು ವರ್ಷ ಲೈಸನ್ಸ್ ಇಟ್ಟುಕೊಂಡು ಕಾಟಾದ ಮೇಲೆ, ಅಂದರೆ ಹಲಗೆಯ ತಕ್ಕಡಿಯ ಮೇಲೆ, ಚೀಲ ತೂಗಿದವನು. ಒಂದು ದೂರಿಲ್ಲ, ಒಂದು ತಕರಾರಿಲ್ಲ. ಚೀಲದ ಮೇಲೆ ನೊಣ ಕೂತಿದ್ದರೆ ಅದನ್ನು ಎಬ್ಬಿಸಿ ಆಮೇಲೆ ತೂಗುತ್ತಿದ್ದ. “ನೊಣದ ತೂಕಕ್ಕ ಅಡತಿಯವ್ರು ಯಾಕ ರೊಕ್ಕಾ ಕೊಡಬೇಕ್ರಿ?” ಎನ್ನುತ್ತಿದ್ದ. ಚೀಲದಿಂದ ನಾಲ್ಕು ಕಾಳು ಉದುರಿದರೆ ಅವನ್ನು ಬಗ್ಗಿ ಆರಿಸಿ ಮತ್ತೆ ಚೀಲಕ್ಕೆ ಹಾಕುತ್ತಿದ್ದ. “ಇವು ರೈತಂದಲ್ಲೇನ್ರಿ?” ಎನ್ನುತ್ತಿದ್ದ. ಬೇರೆ ಕಾಟಾಗಳು ಖಾಲಿ ಬಿದ್ದಿದ್ದರೂ ದೊಡವಾಡದ ರೈತರು ಅರ್ಧ ದಿನ ಕಾದು ಇವನ ಕಾಟಾಕ್ಕೇ ಚೀಲ ಹಚ್ಚುತ್ತಿದ್ದರು. ಅವನ ಬಳಿ ಇದ್ದ ಆಸ್ತಿ ಆ ಹೆಸರೊಂದೇ.

ಆ ಆಸ್ತಿಗೆ ಪೆಟ್ಟು ಬಿದ್ದದ್ದು ತೊಂಬತ್ತೊಂಬತ್ತನೆಯ ಇಸವಿಯಲ್ಲಿ, ರಾಮದುರ್ಗದ ಒಂದು ತೊಟ್ಟಿಲು ಕಾರ್ಯಕ್ರಮದಲ್ಲಿ.

ರಾಮದುರ್ಗದಲ್ಲಿ ಪರಪ್ಪ ಇದ್ದಾನೆ. ಮಡಿವಾಳೆಪ್ಪನ ಷಡ್ಡಕ. ಅಂದರೆ ಇವನ ಹೆಂಡತಿ ತಂಗೆವ್ವನ ಅಕ್ಕ ದೇವಕ್ಕನ ಗಂಡ. ಪರಪ್ಪನ ಮನೆಗೆ ಹೋದವರು ಮೊದಲು ಅವನು ಹೊಸದಾಗಿ ತಂದ ಸಾಮಾನು ನೋಡಬೇಕು, ಆಮೇಲೆ ನೀರು ಕುಡಿಯಬೇಕು. ಅವತ್ತಿನ ಸಾಮಾನು ಒಂದು ಕೀಬೋರ್ಡ್. ಪರಪ್ಪನ ಮಗ ಅದರ ಮೇಲೆ ಎರಡು ಬೆರಳಿನಿಂದ ಅರ್ಧ ಹಾಡು ಬಾರಿಸಿದ. ಬೀಗರೆಲ್ಲ ಚಪ್ಪಾಳೆ ತಟ್ಟಿದರು.

ಪರಪ್ಪ ಮೀಸೆ ತಿರುವಿ ಕೇಳಿದ: “ಏನ್ ಮಡಿವಾಳೆಪ್ಪ, ನಿಮ್ಮ ಮನ್ಯಾಗ ಕಲಾ ಗಿಲಾ ಏನರ ಐತೋ, ಬರೇ ಚೀಲಾ ತೂಗೂದೋ?”

ತಂಗೆವ್ವನ ಮುಖ ಸಣ್ಣದಾಯಿತು. ಹೆಂಡತಿಯ ಮುಖ ಸಣ್ಣದಾದಾಗ ಗಂಡಸರ ಬಾಯಿಂದ ಏನೇನು ಹೊರಬರುತ್ತದೆ ಎಂದು ಹೇಳಲು ಬರುವುದಿಲ್ಲ. ಮಡಿವಾಳೆಪ್ಪನ ಬಾಯಿಂದ ಬಂದದ್ದು ಇಷ್ಟು:

“ನಾ ಗಿಟಾರ ಬಾರಸತೇನ್ರಿ ಅಣ್ಣಾರ. ಕರೆಂಟಿಂದು.”

ಅವನು ಪ್ರಾಯದಲ್ಲಿ ಮಠದ ಭಜನೆಯಲ್ಲಿ ಏಕತಾರಿ ಮೀಟಿದ್ದು ನಿಜ. ಒಂದು ತಂತಿ ಬರುತ್ತಿತ್ತು. ಇನ್ನು ಐದು ಕಲಿತರೆ ಗಿಟಾರ್ ಬಂದಂತೆ ಎಂಬುದು ಅವನ ಹಿಶೇಬು.

“ಹೌದs?” ಎಂದ ಪರಪ್ಪ. “ಹಂಗಾದ್ರ ಗಣಪತಿ ಹಬ್ಬಕ್ಕ ಬರತೇವಿ. ನಿಮ್ಮ ಮಾರ್ಕೆಟ್ಟಿನ್ಯಾಗ ಆರ್ಕೆಸ್ಟ್ರಾ ಇರತೈತೆಲ್ಲ? ಟೆಂಪೊ ಮಾಡಿಕೊಂಡ ಎಲ್ಲಾರೂ ಬರತೇವಿ!”

ತಿರುಗಿ ಬರುವಾಗ ಬಸ್ಸು ಸವದತ್ತಿ ದಾಟಿದ ಮೇಲೆ ತಂಗೆವ್ವ ಕೇಳಿದಳಂತೆ: “ಗಿಟಾರ ಅಂದ್ರ ಹೆಂಗಿರತೈತ್ರಿ?”

ನಮ್ಮೂರ ಆರ್ಕೆಸ್ಟ್ರಾ ನಡೆಸುವ ಸಂಜು ಒಳ್ಳೆಯ ಹುಡುಗ. ಅವನ ಬಳಿ ಒಂದು ಕೆಂಪು ಎಲೆಕ್ಟ್ರಿಕ್ ಗಿಟಾರ್ ಗೂಟಕ್ಕೆ ಜೋತುಬಿದ್ದಿತ್ತು. ಯಾಕೆ ಜೋತುಬಿದ್ದಿದೆ ಎಂದು ಮಡಿವಾಳೆಪ್ಪ ಕೇಳಬೇಕಿತ್ತು, ಕೇಳಲಿಲ್ಲ. ಸಂಜು ಅದನ್ನು ಕೊಟ್ಟ, ಜೊತೆಗೆ ನಾಲ್ಕು ಸಾಲಿನ ಒಂದು ಧೂನನ್ನೂ ಕಲಿಸಿದ. “ಕಾಕಾ, ಪ್ರೋಗ್ರಾಮಿನ ಸುರುವಿಗೆ ಇದನ್ನ ನೀವs ಬಾರಸ್ರಿ. ನಾಕು ಮಿನಿಟು. ಹಿಂದ ನಾವು ಸಂಭಾಳಸತೇವಿ” ಎಂದು ಧೈರ್ಯ ಕೊಟ್ಟ.

ಮಡಿವಾಳೆಪ್ಪನಿಗೆ ಬೆರಳು ಬಂತು. ಇದನ್ನು ಒಪ್ಪಿಕೊಳ್ಳಬೇಕು. ಕಾಟಾದ ದಂಡದ ಮೇಲೆ ಕೂದಲೆಳೆಯಷ್ಟು ಗುಂಡು ಸರಿಸಿ ಸರಿಸಿ ಪಳಗಿದ ಬೆರಳು ಅದು. ಬರದೇ ಇದ್ದದ್ದು ಶ್ರುತಿ. ಒಂದನೆಯ ತಂತಿ ಸರಿ ಮಾಡುತ್ತಿದ್ದ, ಎರಡನೆಯದು ಸರಿ ಮಾಡುತ್ತಿದ್ದ, ಆರನೆಯದಕ್ಕೆ ಬರುವಷ್ಟರಲ್ಲಿ ಒಂದನೆಯದು ಊರು ಬಿಟ್ಟಿರುತ್ತಿತ್ತು. ಮತ್ತೆ ಮೊದಲಿನಿಂದ. ನಮ್ಮ ಎರಡು ಮನೆಗಳ ನಡುವೆ ಇರುವುದು ಒಂದೇ ಗೋಡೆ. ಮೂರು ದಿನ ನಾನು ಆ ಗೋಡೆಯ ಈಚೆ ಅನುಭವಿಸಿದ್ದನ್ನು ಬರೆಯಲು ಹೋಗುವುದಿಲ್ಲ. ನಮ್ಮ ಆಕಳು ಒಂದು ಹೊತ್ತಿನ ಹಾಲು ಕಡಿಮೆ ಮಾಡಿತು ಎಂದಷ್ಟೇ ಹೇಳುತ್ತೇನೆ.

ನಾಲ್ಕನೆಯ ದಿನ ಗೋಡೆಯ ಆಚೆಯಿಂದ ಕೂಗು ಬಂತು. “ಗುಮಾಸ್ತರ! ಲಗೂ ಬರ್ರಿ! ಸಿಕ್ತು!”

ಓಡಿಹೋದೆ. ಗಿಟಾರ್ ಕಂಬಳಿಯ ಮೇಲೆ ಬೋರಲು ಬಿದ್ದಿತ್ತು. ಹಿಂದಿನ ಮುಚ್ಚಳ ಬಿಚ್ಚಿತ್ತು. ಒಳಗೆ ಮೂರು ಸ್ಪ್ರಿಂಗು. ಮಡಿವಾಳೆಪ್ಪನ ಕಣ್ಣು ಹೊಳೆಯುತ್ತಿದ್ದವು.

“ಇದು ಗಿಟಾರ ಅಲ್ರಿ, ಕಾಟಾ! ನೋಡ್ರಿಲ್ಲೆ. ಮ್ಯಾಲಿನ ಕಡೆ ಆರು ತಂತಿ ಎಳ್ಯಾಕತ್ತಾವ. ಹಿಂದಿನ ಕಡೆ ಮೂರು ಸ್ಪ್ರಿಂಗು ಎಳ್ಯಾಕತ್ತಾವ. ನಡುವ ಈ ಕುದುರಿ ತೂಗ್ಯಾಡಾಕತ್ತೈತಿ.” ತಂತಿ ಕೂರುವ ತಗಡಿಗೆ ತಂಬೂರಿಯವರು ಕುದುರೆ ಎನ್ನುತ್ತಾರೆ, ಮಡಿವಾಳೆಪ್ಪ ಭಜನೆಯಲ್ಲಿ ಕಲಿತ ಮಾತು ಅದು. “ಒಂದು ತಂತಿ ಬಿಗಿ ಮಾಡಿದ್ರ ಕುದುರಿ ಮುಂದ ವಾಲತೈತಿ, ಉಳಿದ ಐದೂ ಸಡಿಲ ಆಗತಾವ. ಈ ಹಿಡಿಕಿ ಐತೆಲ್ಲ, ಇದನ್ನ ಅಲ್ಲಾಡಿಸಿದ್ರ ಸ್ವರಾ ನಡಗಲಿ ಅಂತ ಹಿಂಗ ಮಾಡ್ಯಾರ. ನನಗ ನಡಗೂದು ಬ್ಯಾಡ್ರಿ, ನಿಲ್ಲೂದು ಬೇಕು!”

ಸಂಜುವನ್ನು ಕೇಳಿದಾಗ ಅವನು ಎಲೆ ಅಡಿಕೆ ಜಗಿಯುತ್ತ ಅಂದ: “ಅದಕ್ಕs ನಾ ಅದನ್ನ ಗೂಟಕ್ಕ ಹಾಕಿದ್ದು ಕಾಕಾ. ಸ್ಪ್ರಿಂಗ್ ಬಿಗಿ ಮಾಡಿ ಕುದುರಿ ಮೈಗೆ ಕುಂದರಸ್ರಿ. ಹಿಂದಿನ ಸಂದಿನ್ಯಾಗ ಒಂದು ಕಟ್ಟಿಗಿ ತುಂಡು ಬಡೀರಿ. ಜಾಮ್ ಆಗತೈತಿ. ಮುಗೀತು.”

ಮುಗಿಯಲಿಲ್ಲ. ಮಡಿವಾಳೆಪ್ಪ ಎರಡು ದಿನ ಊಟ ಬಿಟ್ಟ. ತೂಗಾಡುವ ಕಾಟಾಕ್ಕೆ ಕಟ್ಟಿಗೆ ಹಚ್ಚುವುದು ತೂಕದಾರನ ಕುಲಕ್ಕೇ ಹೀನ ಕೆಲಸ. ಹಲಗೆಯ ಕೆಳಗೆ ಒಂದು ತುಂಡು ಸೇರಿಸಿದರೆ ಸಾಕು, ಚೀಲದ ಭಾರ ಅರ್ಧ ನೆಲಕ್ಕೆ ಹೋಗುತ್ತದೆ, ರೈತ ಮುಳುಗುತ್ತಾನೆ. ಹಾಗೆ ಮಾಡಿದವರನ್ನು ಮಾರುಕಟ್ಟೆಯಿಂದ ಹೊರಹಾಕಿದ್ದನ್ನು ಅವನು ಕಣ್ಣಾರೆ ಕಂಡವನು. “ಗಿಟಾರಿಗೆ ಮಾಡಿದ್ರೂ ಪಾಪ ಹತ್ತತೈತ್ರಿ ಗುಮಾಸ್ತರ” ಎಂದ. ಕೊನೆಗೆ ಪರಪ್ಪನ ಟೆಂಪೊ ನೆನೆದು ಗಟ್ಟಿ ಮನಸ್ಸು ಮಾಡಿದ. ಆದರೆ ನನ್ನಿಂದ ಆಣೆ ಮಾಡಿಸಿಕೊಂಡ. ಹಬ್ಬದ ದಿನ ವೇದಿಕೆ ಏರುವವರೆಗೂ ಗಿಟಾರಿನ ಸುದ್ದಿ ಯಾರಿಗೂ ತಿಳಿಯಬಾರದು. ನಲವತ್ತೆಂಟರ ತೂಕದಾರ ಗಿಟಾರ್ ಹಿಡಿದಿದ್ದಾನೆಂದರೆ ಹಮಾಲರು ನಕ್ಕು ಚೀಲ ಕೈಬಿಟ್ಟಾರು.

ಇಬ್ಬರೂ ಸಂಜೆ ಬಡಿಗೇರ ಹಣಮಂತಪ್ಪನ ಬಳಿ ಹೋದೆವು. ಹಣಮಂತಪ್ಪ ಊರಿಗೆಲ್ಲ ಬಾಗಿಲು ಚೌಕಟ್ಟು ಮಾಡಿಕೊಡುವ ಮನುಷ್ಯ, ಕೈ ಎಷ್ಟು ಚುರುಕೋ ಬಾಯಿಯೂ ಅಷ್ಟೇ ಚುರುಕು.

ಮಡಿವಾಳೆಪ್ಪ ಅತ್ತಿತ್ತ ನೋಡಿ ದನಿ ತಗ್ಗಿಸಿದ: “ಒಂದು ಸಾಗವಾನಿ ತುಂಡು ಬೇಕೋ. ಉದ್ದ ಎರಡೂವರಿ ಇಂಚು, ಅಗಲ ಒಂದಿಂಚು, ದಪ್ಪ ಬರೋಬ್ಬರಿ ನಾಕು ಸೂತ, ಅರ್ಧಾ ಇಂಚು. ಒಳಗ ಹೊಕ್ಕು ಕುಂತತಂದ್ರ ಮ್ಯಾಲಿನ ತಗಡು ಜಪ್ಪಯ್ಯ ಅಂದ್ರೂ ಅಲ್ಲಾಡಬಾರದು. ಹೊರಗಿಂದ ಯಾರಿಗೂ ಕಾಣಬಾರದು.”

“ಯಾತಕ್ರಿ ಇದು?”

“ಅದನ್ನ ಕೇಳಬ್ಯಾಡ.”

ಹಣಮಂತಪ್ಪ ನನ್ನ ಮುಖ ನೋಡಿದ. ನಾನು ಆಣೆ ನೆನೆದು ಆಕಾಶ ನೋಡಿದೆ.

ಮರುದಿನ ಬೆಳಿಗ್ಗೆ ಚಹಾದಂಗಡಿಯ ಲಕ್ಕಪ್ಪ ಕಪ್ಪು ಬಸಿ ನನ್ನ ಮುಂದಿಟ್ಟು ಬಗ್ಗಿ ಕೇಳಿದ: “ಮಡಿವಾಳೆಪ್ಪಗ ಕಟ್ಟಿಗಿ ತುಂಡು ಯಾತಕ್ರಿ?”

“ಆಣೆ ಮಾಡೇನಿ, ಹೇಳಂಗಿಲ್ಲ.”

“ಅಂದ್ರ... ಹೇಳಬಾರದಂಥಾದ್ದು?”

“ಹಬ್ಬದ ದಿನ ಎಲ್ಲಾರಿಗೂ ಗೊತ್ತಾಗತೈತಿ ಬಿಡು.”

ಇದಕ್ಕಿಂತ ಕಡಿಮೆ ಮಾತಾಡಲು ಸಾಧ್ಯವೇ? ನೀವೇ ಹೇಳಿ. ಆದರೂ ಹನ್ನೊಂದು ಗಂಟೆಯ ಹೊತ್ತಿಗೆ ಮಾರುಕಟ್ಟೆಯ ತುಂಬ ಸುದ್ದಿ: ಮಡಿವಾಳೆಪ್ಪ ಕಾಟಾದ ಹಲಗೆಯ ಕೆಳಗೆ ಇಡಲು ಸಾಗವಾನಿ ತುಂಡು ಮಾಡಿಸಿದ್ದಾನೆ, ಗುಮಾಸ್ತನೂ ಅದರಲ್ಲಿ ಪಾಲುದಾರ!

ಮೊದಲು ಬಂದವನು ದೊಡವಾಡದ ಅಮೋಘಸಿದ್ದಪ್ಪ. ನಲವತ್ತು ಚೀಲ ಹೆಸರುಕಾಳು ತಂದಿದ್ದ. ಹದಿನೈದು ವರ್ಷದಿಂದ ಮಡಿವಾಳೆಪ್ಪನ ಕಾಟಾ ಬಿಟ್ಟು ಬೇರೆಡೆ ತೂಗಿಸದ ಮನುಷ್ಯ. ಅವತ್ತು ಬಂದವನೇ ಕಾಟಾದ ಮುಂದೆ ನೆಲದ ಮೇಲೆ ಬೋರಲು ಮಲಗಿ ಹಲಗೆಯ ಕೆಳಗೆ ಇಣುಕಿದ.

“ಏನ್ ಬಿತ್ರಿ?” ಎಂದು ಮಡಿವಾಳೆಪ್ಪನೂ ಅವನ ಪಕ್ಕ ಬೋರಲು ಮಲಗಿ ಹುಡುಕತೊಡಗಿದ.

“ನಂಬಿಕಿ ಬಿದ್ದೈತಿ ಮಡಿವಾಳೆಪ್ಪ” ಎಂದು ಅಮೋಘಸಿದ್ದಪ್ಪ ಎದ್ದು ಧೂಳು ಕೊಡವಿಕೊಂಡು, ನಲವತ್ತೂ ಚೀಲ ಆಚೆಯ ಕಾಟಾಕ್ಕೆ ಹೊರಿಸಿದ.

ಮಡಿವಾಳೆಪ್ಪನಿಗೆ ಏನೂ ತಿಳಿಯಲಿಲ್ಲ. ತಿಳಿಯುವ ಸ್ಥಿತಿಯಲ್ಲಿ ಅವನಿರಲಿಲ್ಲ. ಹಿಂದಿನ ರಾತ್ರಿಯಷ್ಟೇ ತುಂಡು ಸಂದಿಯಲ್ಲಿ ಕೂತು ಆರೂ ತಂತಿ ಒಟ್ಟಿಗೆ ಒಪ್ಪಿದ್ದವು. ಅವನು ಕಾಟಾದ ಮುಂದೆ ಕೂತು ಧೂನು ಗುನುಗುತ್ತ ಬೆರಳಿನಿಂದ ತೊಡೆ ಬಡಿಯುತ್ತಿದ್ದ. ನೋಡಿದವರು “ಮಾಡಬಾರದ್ದು ಮಾಡಿ ಎಷ್ಟು ಖುಷೀಲಿ ಅದಾನ ನೋಡ್ರಿ!” ಎಂದರು. ನಾಲ್ಕು ದಿನದಲ್ಲಿ ಅವನ ಕಾಟಾದ ಮುಂದೆ ಚೀಲವೂ ಇಲ್ಲ, ನೊಣವೂ ಇಲ್ಲ. ಐದನೆಯ ದಿನ ನಾನೇ ಎಲ್ಲ ಹೇಳಿದೆ. ಅವನ ತೊಡೆ ಬಡಿಯುವ ಕೈ ಅಲ್ಲೇ ನಿಂತಿತು.

“ನನ್ನ ಮ್ಯಾಲ? ಕಾಟಾದ ಕೆಳಗ ಕಟ್ಟಿಗಿ?” ಎಂದ. ಕಣ್ಣಲ್ಲಿ ನೀರು ಬಂತು. “ಈಗ ಗಿಟಾರಿಂದು ಅಂತ ಹೇಳಿದ್ರ ಯಾರ್ ನಂಬತಾರ್ರಿ? ಸುಳ್ಳು ಹುಟ್ಟಿಸ್ಯಾನ ಅಂತಾರ. ಹಬ್ಬದ ದಿನ ಬಾರಿಸಿ ತೋರಸತೇನಿ. ನಾಳಿ ಒಂದs ದಿನ.”

ಆ ಒಂದು ದಿನ ಸಿಗಲಿಲ್ಲ. ಮರುದಿನ ಬೆಳಿಗ್ಗೆ, ಅಂದರೆ ಕಾರ್ಯಕ್ರಮದ ದಿನವೇ, ಕಿತ್ತೂರಿನ ಕ್ಯಾಂಪು ಮುಗಿಸಿದ ತೂಕ ಅಳತೆಯ ಇನ್‌ಸ್ಪೆಕ್ಟರು ತ್ರ್ಯಂಬಕರಾಯರ ಜೀಪು ನೇರ ನಮ್ಮ ಮಾರುಕಟ್ಟೆಗೆ ಬಂದು ನಿಂತಿತು. ಅಮೋಘಸಿದ್ದಪ್ಪನ ಅರ್ಜಿ ಅವರ ಕೈಯಲ್ಲಿತ್ತು. ಗಣಪತಿಯ ಪೆಂಡಾಲಿನಲ್ಲಿ ಮೈಕು ಕಟ್ಟುತ್ತಿದ್ದವರು ಸಹ ಇಳಿದು ಓಡಿಬಂದರು.

ರಾಯರು ಸಣ್ಣ ಮೈಯ, ದಪ್ಪ ಕನ್ನಡಕದ ಮನುಷ್ಯ. ಬಂದವರೇ ತಮ್ಮ ಸರಕಾರಿ ತೂಕದ ಕಲ್ಲುಗಳನ್ನು ಕಾಟಾದ ಮೇಲೆ ಏರಿಸಿದರು. ಇಪ್ಪತ್ತು ಕಿಲೊ, ಐವತ್ತು, ನೂರು. ದಂಡ ಪ್ರತಿ ಸಲವೂ ನೆಟ್ಟಗೆ ನಿಂತಿತು. ಹಲಗೆ ಎತ್ತಿಸಿ ಕೆಳಗೆ ನೋಡಿದರು. ಒಂದು ಜಿರಲೆ ಮಾತ್ರ ಇತ್ತು.

“ಕಾಟಾ ಸರಿ ಅದ” ಎಂದರು. “ಆದ್ರ ದೂರು ಇರೋದು ಕಟ್ಟಿಗಿ ಬಗ್ಗೆ. ನಾ ಬರ್ತೇನಿ ಅಂತ ಗೊತ್ತಾಗಿ ತಗದಿಟ್ಟಿರಬಹುದು. ಕಟ್ಟಿಗಿ ಮಾಡಿಸಿದ್ದು ಖರೇನೇನ್ರಿ?”

“ಖರೇ ರೀ ಸಾಹೇಬ್ರ!” ಎಂದು ಹಿಂದಿನಿಂದ ಹಣಮಂತಪ್ಪ ಕೂಗಿದ. “ನಾಕು ಸೂತ ದಪ್ಪ! ನಾನs ಹೆರೆದು ಕೊಟ್ಟೇನಿ!”

“ಮಡಿವಾಳೆಪ್ಪ, ಆ ಕಟ್ಟಿಗಿ ಎಲ್ಲಿ ಅದ?”

“ಗಿಟಾರಿನ್ಯಾಗ ಐತ್ರಿ ಸಾಹೇಬ್ರ.”

ಮಾರುಕಟ್ಟೆಯಲ್ಲಿ ಎದ್ದ ನಗೆಗೆ ತಗಡಿನ ಮೇಲಿದ್ದ ಪಾರಿವಾಳಗಳೆಲ್ಲ ಹಾರಿಹೋದವು. ರಾಯರು ಮಾತ್ರ ನಗಲಿಲ್ಲ. “ತರಸ್ರಿ” ಎಂದರು.

ಈ ನಡುವೆ ಮನೆಯಲ್ಲಿ ಏನು ನಡೆದಿತ್ತೆಂದರೆ, ನಲ್ಲಿಯ ಹತ್ತಿರ ತಂಗೆವ್ವನಿಗೆ ಸುದ್ದಿ ಮುಟ್ಟಿತ್ತು: ಸರಕಾರದವರು ನಿನ್ನ ಗಂಡನ ಕಟ್ಟಿಗೆ ಹುಡುಕಲು ಬಂದಿದ್ದಾರೆ, ಸಿಕ್ಕರೆ ಲೈಸನ್ಸು ಹೋಯಿತು. ತಂಗೆವ್ವ ಕೊಡ ಅಲ್ಲೇ ಬಿಟ್ಟು ಓಡಿದಳು. ಗಂಡ ಮಗುವಿನಂತೆ ಹಿಗ್ಗಿ ತೋರಿಸಿದ್ದ ತುಂಡು ಎಲ್ಲಿದೆ ಎಂದು ಅವಳಿಗೆ ಗೊತ್ತಿತ್ತು. ಕಾಯಿಪಲ್ಯ ಹೆಚ್ಚುವ ಚಾಕುವಿನಿಂದ ಗಿಟಾರಿನ ಮುಚ್ಚಳ ಬಿಚ್ಚಿದಳು, ತುಂಡು ಎಬ್ಬಿಸಿದಳು, ನೀರು ಕಾಯುತ್ತಿದ್ದ ಹಂಡೆಯ ಒಲೆಗೆ ಹಾಕಿದಳು, ಮುಚ್ಚಳವನ್ನು ಮೊದಲಿನ ಹಾಗೇ ಕೂರಿಸಿದಳು.

ನಾನು ಗಿಟಾರ್ ತರಲು ಹೋದಾಗ ಅವಳೇ ಅದನ್ನು ಎದೆಗವಚಿಕೊಂಡು ಮಾರುಕಟ್ಟೆಗೆ ಬಂದಳು. ಮಡಿವಾಳೆಪ್ಪ ಎಲ್ಲರೆದುರು ಮುಚ್ಚಳ ಬಿಚ್ಚಿ, “ನೋಡ್ರಿ ಸಾಹೇಬ್ರ!” ಎಂದು ಬೆರಳು ತೋರಿಸಿದ. ಸಂದಿ ಖಾಲಿ.

“ಏನ್ ನೋಡ್ಲಿ?” ಎಂದರು ರಾಯರು.

ಮಡಿವಾಳೆಪ್ಪ ಸಂದಿಯಲ್ಲಿ ಬೆರಳು ಹಾಕಿದ, ಗಿಟಾರ್ ಅಲ್ಲಾಡಿಸಿದ, ನನ್ನ ಜೇಬು ನೋಡಿದ. ಆಗ ತಂಗೆವ್ವ ಸೆರಗು ಬಿಗಿದು ಮುಂದೆ ಬಂದಳು.

“ಹುಡುಕಲಿ ಬಿಡ್ರಿ, ಏನ್ ಸಿಗತೈತಿ ಸಿಗಲಿ! ನಾ ಅದನ್ನ ಹಂಡೇದ ಒಲಿಗೆ ಹಾಕೇನಿ. ಬೂದಿ ಆಗೇತಿ!”

“ಸುಟ್ಟಾರೋ!” ಎಂದಿತು ಇಡೀ ಮಾರುಕಟ್ಟೆ. ಅಮೋಘಸಿದ್ದಪ್ಪ ಹಣೆ ಹಣೆ ಬಡಿದುಕೊಂಡ. ರಾಯರು ಪೆನ್ನಿನ ಮುಚ್ಚಳ ತೆಗೆದರು. “ಸಾಕ್ಷಿ ನಾಶ” ಎಂದು ಯಾರೋ ಓದಿದವರು ಮೆಲ್ಲಗೆ ಹೇಳಿದರು. ಮಡಿವಾಳೆಪ್ಪ ಹೆಂಡತಿಯ ಕಡೆ ನೋಡಿದ. ಸಿಟ್ಟು ಮಾಡಬೇಕೆಂದುಕೊಂಡ, ಆಗಲಿಲ್ಲ. ಅವಳ ಕೈ ತುಂಬ ಮಸಿ, ಬೆರಳಿಗೆ ಚಾಕು ತಾಗಿ ರಕ್ತ.

ಸರಿಯಾಗಿ ಅದೇ ಹೊತ್ತಿಗೆ ಪೆಂಪೆಂ ಎನ್ನುತ್ತ ಟೆಂಪೊ ಒಳಗೆ ಬಂತು. ಪರಪ್ಪ, ದೇವಕ್ಕ, ಹಿಂದೆ ಹದಿನಾಲ್ಕು ಜನ ಬೀಗರು. ಗುಂಪು ನೋಡಿ ಪರಪ್ಪನ ಬಾಯಿ ತೆರೆದೇ ಉಳಿಯಿತು.

“ಏಯಪ್ಪಾ! ಮಡಿವಾಳೆಪ್ಪನ ಗಿಟಾರ ಕೇಳಾಕ ಮುಂಜಾನಿಂದನ ಇಷ್ಟ ಮಂದಿ? ಪೊಲೀಸ್ ಜೀಪ್ ಬ್ಯಾರೆ ಬಂದೋಬಸ್ತಿಗೆ!”

ಅದು ಪೊಲೀಸ್ ಜೀಪಲ್ಲ ಎಂದು ಯಾರೂ ಅವನಿಗೆ ಹೇಳಲಿಲ್ಲ. ಆದರೆ ಅವನ ಮಾತು ರಾಯರ ಕಿವಿಗೆ ಬಿತ್ತು. ಅವರು ಪೆನ್ನು ನಿಲ್ಲಿಸಿ ಗಿಟಾರನ್ನು ತಿರುಗಿಸಿ ನೋಡಿದರು, ಸ್ಪ್ರಿಂಗ್ ಮುಟ್ಟಿದರು, ತಂತಿ ಮುಟ್ಟಿದರು.

“ಇವರು ನಿಜವಾಗ್ಲೂ ಬಾರಸ್ತಾರೇನು? ನಮ್ಮ ತಾಯಿ ನಲವತ್ತು ವರ್ಷ ತಂಬೂರಿ ಹಿಡದಾಕಿ. ನನಗ ಕಿವಿ ಅದ. ಬಾರಸ್ರಿ ನೋಡೋಣ. ಕಟ್ಟಿಗಿ ಇಲ್ಲದ ಒಮ್ಮೆ, ಅಷ್ಟs ದಪ್ಪಂದು ಏನರೆ ಇಟ್ಟು ಒಮ್ಮೆ. ಫರಕು ಕೇಳಿಸಿತು ಅಂದ್ರ ಕಟ್ಟಿಗಿ ಗಿಟಾರಿಂದು. ಇಲ್ಲಾಂದ್ರ ಲೈಸನ್ಸ್ ಇವತ್ತೇ ಜಪ್ತಿ.”

ಇಪ್ಪತ್ತೆರಡು ವರ್ಷದ ಹೆಸರು ನಾಲ್ಕು ಸಾಲಿನ ಧೂನಿನ ಮೇಲೆ ಬಂದು ನಿಂತಿತು!

ಗಿಟಾರಿನ ವಾಯರು ಗಣಪತಿಯ ಪೆಂಡಾಲಿನ ದೊಡ್ಡ ಸ್ಪೀಕರ್ ಪೆಟ್ಟಿಗೆಗೆ ಸೇರಿತು. ಸಂಜು ಹಾಸಿಗೆಯಿಂದಲೇ ಎದ್ದು ಓಡಿಬಂದ. ಮಡಿವಾಳೆಪ್ಪ ಗಣಪತಿಗೆ ಕೈಮುಗಿದು, ವೇದಿಕೆಯ ಮೇಲೆ ಕಾಳಿನ ಚೀಲದ ಮೇಲೆ ಕೂತು, ಶ್ರುತಿ ಮಾಡಿಕೊಂಡು, ಮೊದಲ ಸಾಲು ಹಿಡಿದ. ತಂತಿಯೊಂದನ್ನು ಬೆರಳಿನಿಂದ ಎಳೆದು ಸ್ವರ ಏರಿಸಿದ್ದೇ ತಡ, ಉಳಿದ ಐದೂ ಕೆಳಗೆ ಜಾರಿದವು. ಎರಡನೆಯ ಸಾಲು ಬೈಲಹೊಂಗಲ ಬಿಟ್ಟು ಸಂಗೊಳ್ಳಿಯ ದಾರಿ ಹಿಡಿಯಿತು. ಪೆಟ್ಟಿಗೆಯಿಂದ ಹೊರಟ ಆ ಧ್ವನಿಗೆ ಪೆಂಡಾಲಿನ ಹಿಂದೆ ಕಟ್ಟಿದ್ದ ಎತ್ತು ದಾವಣಿ ಕಿತ್ತುಕೊಂಡಿತು. ಪರಪ್ಪ ಮಗನ ಕಿವಿ ಮುಚ್ಚಿದ.

“ಸಾಕ್ರಿ!” ಎಂದರು ರಾಯರು, ಮುಖ ಕಿವುಚಿ. “ಇದು ಕಟ್ಟಿಗಿ ಇಲ್ಲದ. ಈಗ ಇಟ್ಟು ಬಾರಸ್ರಿ.”

ಇಡುವುದು ಏನನ್ನು? ಹಣಮಂತಪ್ಪ ಸಾಗವಾನಿ ತರಲು ಓಡಿದ. ಅವನ ಅಂಗಡಿ ಊರಾಚೆ. ಲಕ್ಕಪ್ಪ ಗಣಪತಿಯ ಮುಂದಿನ ಕೊಬ್ಬರಿ ಬಟ್ಟಲು ಒಡೆದು ಕೊಟ್ಟ. ಅದು ಸಂದಿಯಲ್ಲಿ ಪುಡಿಯಾಯಿತು. ಪರಪ್ಪ ತನ್ನ ಹೊಸ ಡೈರಿ ಕೊಟ್ಟ. ಅದು ಅರ್ಧ ಇಂಚು ದಪ್ಪ ಹೆಚ್ಚು. ರಾಯರು ಗಡಿಯಾರ ನೋಡಿದರು.

ಮಡಿವಾಳೆಪ್ಪ ಕಣ್ಣು ಮುಚ್ಚಿ ಕಿರುಬೆರಳನ್ನು ಸಂದಿಯಲ್ಲಿ ಹಾಕಿದ. ಸಂದಿಯ ಅಳತೆ ತೆಗೆದುಕೊಂಡ. ಆಮೇಲೆ ಧಡಕ್ಕನೆ ಎದ್ದು ವೇದಿಕೆ ಹಾರಿ, ಜನರನ್ನು ಸೀಳಿಕೊಂಡು ತನ್ನ ಕಾಟಾದ ಹತ್ತಿರ ಓಡಿದ. ಅಲ್ಲಿ ಅವನ ಕಲ್ಲಿನ ಪೆಟ್ಟಿಗೆ ಇತ್ತು. ಇಪ್ಪತ್ತೆರಡು ವರ್ಷ ಕೈಯಲ್ಲಿ ಆಡಿದ ಕಲ್ಲುಗಳು. ನೋಡದೆಯೇ ಒಂದನ್ನು ಎತ್ತಿಕೊಂಡು ಬಂದ. ಆರು ಮೂಲೆಯ ಸಣ್ಣ ಕಬ್ಬಿಣದ ಕಲ್ಲು, ಐವತ್ತು ಗ್ರಾಮಿನದು, ಸರಕಾರದ ಮುದ್ರೆಯದು.

“ಸಂಜು, ಹಿಡಿಕಿ ಮ್ಯಾಲೆತ್ತು!”

ಸಂಜು ಹಿಡಿಕೆ ಎತ್ತಿದ, ಸಂದಿ ಅಗಲವಾಯಿತು, ಮಡಿವಾಳೆಪ್ಪ ಕಲ್ಲು ಜಾರಿಸಿದ, ಸಂಜು ಹಿಡಿಕೆ ಬಿಟ್ಟ. ಟಕ್ ಎಂದಿತು. ಆ ಸಪ್ಪಳ ನನಗೆ ಇನ್ನೂ ಕಿವಿಯಲ್ಲಿದೆ. ಹಿಡಿಕೆ ಜಗ್ಗಿ ನೋಡಿದರೆ ಕುದುರೆ ಜಪ್ಪಯ್ಯ ಅಂದರೂ ಅಲ್ಲಾಡಲಿಲ್ಲ.

ಮತ್ತೆ ಶ್ರುತಿ ಮಾಡಿದ. ಒಂದನೆಯ ತಂತಿ. ಎರಡನೆಯದು. ಆರನೆಯದಕ್ಕೆ ಬಂದು, ಹೆದರುತ್ತ ಹೆದರುತ್ತ ತಿರುಗಿ ಒಂದನೆಯದನ್ನು ಮೀಟಿದ. ಇಟ್ಟಲ್ಲೇ ಇತ್ತು!

ಆಮೇಲೆ ಬಾರಿಸಿದ ನೋಡಿ! ಮೊದಲ ಸಾಲು ನೆಟ್ಟಗೆ ಹೋಯಿತು. ಎರಡನೆಯ ಸಾಲಿನಲ್ಲಿ ತಂತಿ ಎಳೆದ. ಎಳೆದ ತಂತಿ ಮಾತ್ರ ಏರಿತು, ಉಳಿದವು ನಿಂತಲ್ಲೇ ನಿಂತವು. ಮೂರನೆಯ ಸಾಲಿಗೆ ಸಂಜು ಢೋಲಕ್ ಹಿಡಿದ. ಹಮಾಲರು ಕೊಕ್ಕೆಗಳಿಂದ ಕಬ್ಬಿಣದ ಕಂಬಕ್ಕೆ ತಾಳ ಹಾಕಿದರು. ನಾಲ್ಕನೆಯ ಸಾಲು ಮುಗಿದಾಗ ಅವನಿಗೇ ನಿಲ್ಲಿಸಲು ಮನಸ್ಸಾಗಲಿಲ್ಲ, ಮತ್ತೆ ಮೊದಲಿನಿಂದ ಹಿಡಿದ. ದೇವಕ್ಕ ತಂಗಿಯ ಕೈ ಹಿಡಿದು, “ನಿನ್ನ ಗಂಡಗ ದೃಷ್ಟಿ ತಗೀಬೇಕಲೇ” ಎಂದಳು. ತಂಗೆವ್ವ ಮಸಿ ಕೈಯಿಂದಲೇ ಕಣ್ಣೊರೆಸಿಕೊಂಡು ಮುಖವೆಲ್ಲ ಕಪ್ಪು ಮಾಡಿಕೊಂಡಳು. ಪರಪ್ಪ ಪಕ್ಕದವರಿಗೆಲ್ಲ “ನಮ್ಮ ಸಂಬಂಧಿಕರು ರೀ, ನಮ್ಮವರು” ಎಂದು ಹೇಳುತ್ತ ತಿರುಗಿದ.

ಅಮೋಘಸಿದ್ದಪ್ಪ ವೇದಿಕೆಯ ಕೆಳಗೆ ಬಂದು ರುಮಾಲು ತೆಗೆದ. “ಮಡಿವಾಳೆಪ್ಪ, ತಪ್ಪಾತು. ಹಿತ್ತಲಕ ಇನ್ನಾ ಇಪ್ಪತ್ತು ಚೀಲ ಉಳದಾವ. ನಿನ್ನ ಕಾಟಾಕ್ಕs ತರತೇನಿ” ಎಂದ. ಮಡಿವಾಳೆಪ್ಪ ತಲೆ ಆಡಿಸಿದ.

ತ್ರ್ಯಂಬಕರಾಯರು ಅರ್ಜಿಯನ್ನು ನಾಲ್ಕು ಮಡಿಕೆ ಮಡಚಿ ಜೇಬಿಗೆ ಹಾಕಿದರು. “ಫರಕು ಕೇಳಿಸ್ತು. ಕಟ್ಟಿಗಿ ಗಿಟಾರಿಂದೇ ಅದ. ದೂರು ಸುಳ್ಳು” ಎಂದರು. ಮಾರುಕಟ್ಟೆ ಹೋ ಎಂದಿತು. ರಾಯರು ಕೈ ಎತ್ತಿದರು. “ಇನ್ನೊಂದು ಕೆಲಸ ಉಳದದ. ಬಂದೇನಿ ಅಂದ ಮ್ಯಾಲೆ ಕಲ್ಲಿನ ಪೆಟ್ಟಿಗಿ ಎಣಿಸಬೇಕು.”

ಎಣಿಸಿದರು. ಎರಡು ಕಿಲೊ, ಒಂದು ಕಿಲೊ, ಐದುನೂರು, ಇನ್ನೂರು, ನೂರು. ಅಲ್ಲಿಗೆ ನಿಂತರು.

“ಐವತ್ತು ಗ್ರಾಮಿಂದು ಕಡಿಮಿ ಅದ. ಕಲ್ಲು ಪೂರಾ ಇಲ್ಲದ ಕಾಟಾ ನಡಸೋದು ಗುನ್ಹೆ.”

“ಸಾಹೇಬ್ರ, ಅದು ಗಿಟಾರಿನ್ಯಾಗ ಐತೆಲ್ರಿ!”

“ಗೊತ್ತದ. ತಗದು ಪೆಟ್ಟಿಗ್ಯಾಗ ಇಡ್ರಿ.”

“ತಗದ್ರ ಸ್ವರಾ ಹೋಗತಾವ್ರಿ! ಸಂಜಿಗೆ ಪ್ರೋಗ್ರಾಮ್ ಐತ್ರಿ!”

“ಇಟ್ರ ಲೈಸನ್ಸ್ ಹೋಗ್ತದ.”

ಈಗ ಮಾರುಕಟ್ಟೆಗೆ ಸಿಟ್ಟು ಬಂತು. ಬೆಳಿಗ್ಗೆ ಯಾರು ಲೈಸನ್ಸ್ ಕಸಿದುಕೊಳ್ಳಿ ಎಂದಿದ್ದರೋ ಅವರೇ ರಾಯರನ್ನು ಮುತ್ತಿದರು. ಅಮೋಘಸಿದ್ದಪ್ಪ, “ನನ್ನ ಚೀಲ ನೂರು ಕಿಲೊದ್ದು ರೀ, ಐವತ್ತು ಗ್ರಾಮ್ ತಗೊಂಡು ಏನ್ ಮಾಡ್ಲಿ? ಇರಲಿ ಬಿಡ್ರಿ ಗಿಟಾರಿನ್ಯಾಗ!” ಎಂದ. ಹಮಾಲರು ಜೀಪಿನ ಮುಂದೆ ಕೂತರು. ಪರಪ್ಪ ರಾಮದುರ್ಗದಿಂದ ಹೊಸ ಕಲ್ಲು ತರಿಸುತ್ತೇನೆಂದು ಟೆಂಪೊ ಚಾಲೂ ಮಾಡಿಸಿದ. ರಾಯರು ಕನ್ನಡಕ ತೆಗೆದು ಒರೆಸಿದರು. ಮಡಿವಾಳೆಪ್ಪ ಗಿಟಾರನ್ನು ಅವರ ಮುಂದಿಟ್ಟ.

“ತಗೀರಿ ಸಾಹೇಬ್ರ” ಎಂದ. “ನೊಣದ ತೂಕಾನೂ ಬಿಟ್ಟವನಲ್ಲ ನಾ. ಐವತ್ತು ಗ್ರಾಮ್ ಕಡಿಮಿ ಇಟ್ಟು ಕಾಟಾ ಹಿಡದ್ರ ನಾಳಿ ನನಗs ನಿದ್ದಿ ಬರಂಗಿಲ್ಲ. ಬಾರಿಸಿದ್ದು ಸಾಕು.”

ರಾಯರು ಜೀಪಿನ ಮೂತಿಯ ಮೇಲೆ ಪುಸ್ತಕ ಇಟ್ಟು ಬರೆಯತೊಡಗಿದರು. ಬರೆದು ಗಟ್ಟಿಯಾಗಿ ಓದಿದರು:

“‘ಸದರಿ ತೂಕದಾರನ ಐವತ್ತು ಗ್ರಾಮಿನ ಕಲ್ಲು ಪೆಟ್ಟಿಗೆಯಲ್ಲಿ ಇರುವುದಿಲ್ಲ. ಗಿಟಾರಿನಲ್ಲಿ ಇರುತ್ತದೆ. ಸ್ಥಳದಲ್ಲಿ ಬಾರಿಸಿ ಪರಿಶೀಲಿಸಲಾಗಿದೆ. ಅಲ್ಲಾಡುವುದಿಲ್ಲ. ಗಿಟಾರು ಕಾಟಾದ ಹತ್ತಿರವೇ ಇರತಕ್ಕದ್ದು.’ ಸಹಿ ಹಾಕ್ರಿ.”

ಹೀಗೆ ಆ ಗಿಟಾರ್ ಕಾನೂನಿನ ಪ್ರಕಾರ ತೂಕದ ಸಾಮಾನಾಯಿತು. ಸಂಜೆಯ ಕಾರ್ಯಕ್ರಮದಲ್ಲಿ ಮಡಿವಾಳೆಪ್ಪ ನಾಲ್ಕು ಮಿನಿಟಿನ ಧೂನನ್ನು ಇಪ್ಪತ್ತು ಮಿನಿಟು ಬಾರಿಸಿದ. ಮುಂದಿನ ಸಾಲಿನ ಕುರ್ಚಿಯಲ್ಲಿ ತ್ರ್ಯಂಬಕರಾಯರು ಕಣ್ಣು ಮುಚ್ಚಿ ತೊಡೆಯ ಮೇಲೆ ತಾಳ ಹಾಕುತ್ತಿದ್ದರು. ಹಣಮಂತಪ್ಪ ಸಾಗವಾನಿ ತುಂಡು ಹಿಡಿದು ಏದುಸಿರು ಬಿಡುತ್ತ ಬಂದದ್ದು ಎಲ್ಲ ಮುಗಿದ ಮೇಲೆ. ದಾರಿಯಲ್ಲಿ ಯಾರಿಗೋ ಕಥೆ ಹೇಳುತ್ತ ನಿಂತಿದ್ದನಂತೆ.

ಅಂದಿನಿಂದ ಎರಡು ವರ್ಷಕ್ಕೊಮ್ಮೆ, ಕಲ್ಲುಗಳಿಗೆ ಮುದ್ರೆ ಹಾಕುವ ಕ್ಯಾಂಪು ಬಂದಾಗ, ಉಳಿದ ತೂಕದಾರರು ಪೆಟ್ಟಿಗೆ ಹೊತ್ತು ಸಾಲಿನಲ್ಲಿ ನಿಲ್ಲುತ್ತಾರೆ. ಮಡಿವಾಳೆಪ್ಪ ಪೆಟ್ಟಿಗೆಯ ಜೊತೆ ಗಿಟಾರನ್ನೂ ಹೊತ್ತು ನಿಲ್ಲುತ್ತಾನೆ. ರಾಯರು ನಿವೃತ್ತರಾದ ಮೇಲೆ, ಎರಡು ಸಾವಿರದ ಐದರಲ್ಲಿ, ಹೊಸ ಇನ್‌ಸ್ಪೆಕ್ಟರು ಬಂದರು. ಪೆಟ್ಟಿಗೆ ಎಣಿಸಿದರು, ಐವತ್ತು ಗ್ರಾಮ್ ಕಡಿಮೆ ಎಂದರು, ಹಳೆಯ ಪುಸ್ತಕ ತೆಗೆದರು. ಆ ಪುಟವನ್ನು ಎರಡು ಸಲ ಓದಿದರು. ಕೊನೆಗೆ ಪುಸ್ತಕ ಮುಚ್ಚಿ ಗಂಭೀರವಾಗಿ ಹೇಳಿದರು:

“ಹಂಗಾದ್ರ, ಬಾರಸ್ರಿ ನೋಡೂಣು.”

ಮಡಿವಾಳೆಪ್ಪ ಗಿಟಾರನ್ನು ತೊಡೆಯ ಮೇಲೆ ಇಟ್ಟುಕೊಂಡ. ಕುದುರೆಯ ಮೇಲೆ ಒಂದು ನೊಣ ಕೂತಿತ್ತು. ಅದನ್ನು ಎಬ್ಬಿಸಿ, ಆಮೇಲೆ ತಂತಿಗೆ ಕೈ ಹಚ್ಚಿದ.